ಹುಳದ ಮನೆಯ ವಾಚನಾಲಯ

ಭಾನುವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷದವರೆಗೆ ನಾನು ಶಿಡ್ಲಘಟ್ಟ ತಾಲ್ಲೂಕಿನಲ್ಲೇ ಅತ್ಯಂತ ಹೆಮ್ಮೆಯ ತಂದೆಯಾಗಿದ್ದೆ. ರಜೆಯಲ್ಲಿ ಮಕ್ಕಳಿಗೆ ಓದುವ ರುಚಿ ಹತ್ತಿಸುವುದು ಹೇಗೆ ಎಂದು ಯಾರು ಕೇಳಿದರೂ ಹೇಳುತ್ತಿದ್ದೆ. ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ಚಿಕ್ಕಬಳ್ಳಾಪುರದ ನನ್ನ ಕಚೇರಿಯಲ್ಲಿ ಇಬ್ಬರು ಇದೇ ಕಾರಣಕ್ಕೆ ಊಟದ ಜಾಗ ಬದಲಾಯಿಸಿದ್ದರು. ಆ ಹೊತ್ತಿಗೆ ಸರಿಯಾಗಿ ನನ್ನ ತಮ್ಮ ನಾಗರಾಜ, ಮನೆಯ ಹಿಂದೆ ನಾವು ರೇಷ್ಮೆ ಸಾಕುವ ಹುಳದ ಮನೆಯಿಂದ, "ಅಣ್ಣಾ, ಬೇಗ ಬಾ, ಹುಳ ಕಾರ್ಕೊಂತಿವೆ" ಎಂದು ಕೂಗಿದ. ನನ್ನ ಹೆಮ್ಮೆಗೆ ಅಂದಿನಿಂದ ಆರೋಗ್ಯ ಸರಿಯಿಲ್ಲ.

ಮೊದಲಿನಿಂದಲೇ ಹೇಳುತ್ತೇನೆ. ಬೇಸಿಗೆ ರಜೆ ಶುರುವಾದಾಗ ನಮ್ಮ ಮನೆಯಲ್ಲಿ ಇಬ್ಬರು ಹದಿಹರೆಯದವರಿದ್ದರು. ಒಂಬತ್ತನೇ ತರಗತಿ ಮುಗಿಸಿದ ನನ್ನ ಮಗಳು ಹರ್ಷಿತ, ಹತ್ತನೇ ತರಗತಿಯ ಪರೀಕ್ಷೆ ಬರೆದು ಕೂತಿದ್ದ ನಾಗರಾಜನ ಮಗ ಚೇತನ್. ಇದ್ದರು ಎಂದರೆ ಪೂರ್ತಿ ನಿಜವಾಗುವುದಿಲ್ಲ. ಎರಡು ಫೋನುಗಳಿದ್ದವು, ಅವುಗಳ ಹಿಂದೆ ಎರಡು ತಲೆಗಳಿದ್ದವು. ನಾನು ಬಿ.ಎ. ಓದಿದವನು, ಸುಮ್ಮನಿರಲಾಗಲಿಲ್ಲ. ಮಹಾಪುರುಷರ ಜೀವನಚರಿತ್ರೆಗಳನ್ನು ತಂದುಕೊಟ್ಟೆ. ಚೇತನ್ ತನ್ನ ಪಾಲಿನದನ್ನು ಟೇಬಲ್ ಫ್ಯಾನಿನ ಕೆಳಗಿಟ್ಟ. ಗಾಳಿ ಸರಿಯಾಗಿ ಮುಖಕ್ಕೆ ಬರತೊಡಗಿತು. ಹರ್ಷಿತ ಮಾತ್ರ ಪುಸ್ತಕವನ್ನು ತಿರುಗಿಸಿ ನೋಡಿ, "ಇದ್ರಲ್ಲಿ ಎಕ್ಸಾಮ್ ಬರ್ತದಾ ಅಪ್ಪ?" ಎಂದಳು.

"ಇಲ್ಲಮ್ಮ, ಇದು ಖುಷಿಗೆ ಓದೋದು."

"ಖುಷಿಗಾದ್ರೆ ಇದ್ಯಾಕೆ?"

ನಾನು ಬೈಕ್ ಹತ್ತಿ ಕಚೇರಿಗೆ ಹೊರಟೆ. ಅಲ್ಲಿಂದ ನಿವೃತ್ತರಾಗಿ ಪೆರೇಸಂದ್ರದಲ್ಲಿರುವ ಹಿರಿಯರೊಬ್ಬರ ನೆನಪಾಯಿತು. ಅವರು ಪ್ರಾಯದಲ್ಲಿ ಪತ್ತೇದಾರಿ ಕಾದಂಬರಿಗಳ ಹುಚ್ಚು ಹಿಡಿಸಿಕೊಂಡವರು. ಕೇಳಿದ್ದೇ ತಡ, ಒಂದು ರಟ್ಟಿನ ಪೆಟ್ಟಿಗೆ ತುಂಬಿಸಿ ಬೈಕಿಗೆ ಕಟ್ಟಿಸಿದರು. "ಒಂದಕ್ಕೂ ಹುಳ ಹಿಡಿದಿಲ್ಲ, ನೋಡ್ಕೊಳ್ಳಿ" ಎಂದರು. ಹಿಡಿಯುವುದಾದರೂ ಹೇಗೆ? ಪುಸ್ತಕಗಳ ಸಂದುಸಂದಿನಲ್ಲೂ ಬೆಳ್ಳಗೆ ನುಸಿಗುಳಿಗೆ ಉರುಳಾಡುತ್ತಿದ್ದವು. ನಾನು ಓದಿದ ಕಾಲೇಜಿನ ಲೈಬ್ರರಿಯಲ್ಲಿ ಇದೇ ವಾಸನೆ ಇತ್ತು. ಬೇರೆಯವರಿಗೆ ಅದು ನುಸಿಗುಳಿಗೆ, ನನ್ನ ಮೂಗಿಗೆ ವಿದ್ಯೆಯ ಪರಿಮಳ. ಊರು ತಲುಪುವವರೆಗೂ ಅದನ್ನು ಆಘ್ರಾಣಿಸುತ್ತಲೇ ಬಂದೆ.

ಪೆಟ್ಟಿಗೆ ಒಂದು ವಾರ ಜಗಲಿಯಲ್ಲಿ ಬಿದ್ದಿತ್ತು. ಆಮೇಲೆ ನಮ್ಮ ಹುಳ ನಾಲ್ಕನೇ ಜ್ವರ ಎದ್ದವು. ಹುಳ ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಕೊನೆಯ ಜ್ವರ ಎದ್ದ ಹುಳಕ್ಕೆ ತಿನ್ನುವುದೊಂದೇ ಕೆಲಸ. ಹಗಲೂ ರಾತ್ರಿ ಸೊಪ್ಪು ಹಾಕುತ್ತಿರಬೇಕು, ಮನೆಯವರು ನಿದ್ದೆಯನ್ನು ಸರದಿಯ ಮೇಲೆ ಹಂಚಿಕೊಳ್ಳಬೇಕು. ಮಕ್ಕಳಿಗೂ ಸರದಿ ಬಂತು. ಹುಳದ ಮನೆಯ ತಗಡಿನ ಚಾವಣಿಯ ಕೆಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ನನ್ನ ಉಪದೇಶದಿಂದ ಆಗದ ಕೆಲಸವನ್ನು ತಗಡು ಮಾಡಿತು. ಸೊಪ್ಪು ಹಾಕಿ ಮುಗಿದರೆ ಮುಂದಿನ ಸೊಪ್ಪಿನವರೆಗೆ ಏನು ಮಾಡುವುದು? ಚೇತನ್ ಒಂದು ಪುಸ್ತಕ ಕೊಂಡುಹೋದ. ಮಾರನೆಯ ದಿನ ಹರ್ಷಿತ ಅದನ್ನು ಕಿತ್ತುಕೊಂಡಳು. ಮೂರನೆಯ ದಿನ ಜಗಳ ತೀರಲೆಂದು ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಸೊಪ್ಪು ಹರಡುವುದು ಎಂದಾಯಿತು. ನಮ್ಮ ಅಮ್ಮ, ಅಕ್ಷರದ ಗೊಡವೆಗೆ ಹೋಗದವರು, ಹುಳದ ತಟ್ಟೆಯ ಮೇಲೆ ಬಾಗಿದ್ದವರು ಹಾಗೆಯೇ ನಿಂತು, "ಆ ಡಾಕ್ಟ್ರೇ ಕಣೋ ಕೊಂದಿರೋದು, ಅವನ ನಗು ಸರಿಗಿಲ್ಲ" ಎನ್ನುತ್ತಿದ್ದರು.

ಈ ದೃಶ್ಯವನ್ನು ಕಿಟಕಿಯಿಂದ ಕಂಡು ನನಗೆ ಕಣ್ಣು ತುಂಬಿ ಬಂತು. ಇನ್ನೂ ಏನಾದರೂ ಮಾಡಬೇಕೆನಿಸಿತು. ಕಥೆ ಮುಗಿದಾಗಲೆಲ್ಲ ಮಕ್ಕಳು ಕಾಲು ತೊಳೆದು, ರೋಗ ಒಳಗೆ ಬಾರದಂತೆ ಬಾಗಿಲಲ್ಲಿ ಹರಡಿದ ಸುಣ್ಣ ತುಳಿದು, ಜಗಲಿಗೆ ಹೋಗಿ ಬರಬೇಕಲ್ಲ, ಪಾಪ. ಆ ಭಾನುವಾರ ಊಟವಾದ ಮೇಲೆ ಎಲ್ಲರೂ ಒರಗಿದ್ದಾಗ ಪೆಟ್ಟಿಗೆಯನ್ನು ನಾನೇ ಹೊತ್ತು ತಂದು, ಹುಳದ ಮನೆಯ ಮೂಲೆಯಲ್ಲಿ ತಟ್ಟೆಗಳನ್ನು ಜೋಡಿಸಿದ ಸ್ಟ್ಯಾಂಡಿನ ಕೆಳಗೆ ತಳ್ಳಿದೆ. ಮುಚ್ಚಳವನ್ನೂ ತೆರೆದಿಟ್ಟೆ, ಪುಸ್ತಕಗಳು ಕರೆಯುವಂತೆ ಕಾಣಲಿ ಎಂದು.

ನಾಗರಾಜನ ಕೂಗಿಗೆ ಓಡಿಹೋದಾಗ ಮೂಲೆಯ ಸ್ಟ್ಯಾಂಡಿನ ಹುಳಗಳೆಲ್ಲ ತಿನ್ನುವುದು ಬಿಟ್ಟು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು, ಬಾಯಿಂದ ಹಸಿರು ನೀರು ಬರುತ್ತಿತ್ತು. ಕೆಲವು ಕೆಳಗೆ ಉದುರಿದ್ದವು. ಈಗ ಬಸ್ಸಿನಲ್ಲಿ ಜನ ಒಟ್ಟಿಗೆ ತಲೆ ಎತ್ತಿದರೂ ನನಗೆ ಬೆವರುತ್ತದೆ. ಇನ್ನು ಮೂರು ನಾಲ್ಕು ದಿನದಲ್ಲಿ ಗೂಡು ಕಟ್ಟಬೇಕಾದ ಹುಳ. ಇದು ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಹಬ್ಬಿದರೆ ನಾಗರಾಜನ ಇಡೀ ಬೆಳೆ ತಿಪ್ಪೆಗೆ.

"ಪಕ್ಕದ ತೋಟದೋನು ಟೊಮ್ಯಾಟೊಗೆ ಔಷಧಿ ಹೊಡ್ದವ್ನೆ. ಇವತ್ ಅವನೋ ನಾನೋ" ಎಂದು ನಾಗರಾಜ ಹೊರಟ. ಅವನು ಮಾತು ಕಡಿಮೆ ಇರುವ ಮನುಷ್ಯ. ಅಂಥವರು ಹೊರಟರೆ ಭಯ. ಬಾಗಿಲಿಗೆ ಅಡ್ಡ ನಿಂತವಳು ಹರ್ಷಿತ.

"ಚಿಕ್ಕಪ್ಪ, ಒಂದ್ ನಿಮಿಷ. ಆ ತೋಟ ಇರೋದು ಈ ಬಾಗ್ಲು ಕಡೆ. ಗಾಳೀಲಿ ಬಂದಿದ್ರೆ ಬಾಗ್ಲತ್ರದ ಹುಳ ಮೊದ್ಲು ಕಾರ್ಬೇಕಿತ್ತು. ಅವು ಚೆನ್ನಾಗ್ ತಿಂತಿವೆ ನೋಡು. ಮೂಲೇಲಿ ಮಾತ್ರ ಆಗಿರೋದು."

ನಾಗರಾಜ ನಿಂತ. ಅವಳು ವಿಚಾರಣೆ ಶುರುಮಾಡಿದಳು. ಅದೇ ಕಾದಂಬರಿಯ ಧಾಟಿ, ಕೈಯನ್ನು ಹಿಂದೆ ಕಟ್ಟಿಕೊಂಡು. "ಅಜ್ಜಿ, ಹೊಗೆಸೊಪ್ಪಿನ ಘಾಟೂ ಹುಳಕ್ಕಾಗಲ್ಲ. ಹಾಕ್ಕೊಂಡು ಒಳಗ್ ಬಂದಿದ್ದಾ?"

"ನಿಮ್ಮಪ್ಪ ಹುಟ್ಟೋಕ್ ಮುಂಚಿಂದ ಹುಳ ಸಾಕಿದೀನಿ ಕಣೇ. ನನ್ನೇ ಕೇಳ್ತಾಳೆ ನೋಡು, ಪೊಲೀಸಮ್ಮ."

"ಕೇಳ್ಬೇಕು ಅಜ್ಜಿ. ಎಲ್ರನ್ನೂ ಕೇಳ್ಬೇಕು. ಮಧ್ಯಾಹ್ನದಿಂದ ಈ ಮೂಲೇಲಿ ಹೊಸದಾಗಿ ಏನ್ ಬಂದಿದೆ?"

ಚೇತನ್ ಬಗ್ಗಿ ನೋಡಿ ಪೆಟ್ಟಿಗೆಯನ್ನು ಹೊರಗೆಳೆದ. ನುಸಿಗುಳಿಗೆಗಳು ಗೋಲಿಯಂತೆ ನೆಲದ ಮೇಲೆ ಉರುಳಿದವು. "ದೊಡ್ಡಪ್ಪ, ಪುಸ್ತಕದ ಹುಳ ಕೊಲ್ಲೋ ಗುಳಿಗೆ ನಮ್ ಹುಳಾನ ಬಿಡ್ತದಾ? ಇದನ್ನ ಇಲ್ಲಿಗ್ ಯಾರ್ ತಂದಿದ್ದು?"

ಯಾರಾದರೂ ಉತ್ತರ ಹೇಳಲಿ ಎಂದು ನಾನೂ ಸುತ್ತ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಮಕ್ಕಳಿಗೆ ಅನುಕೂಲ ಆಗ್ಲಿ ಅಂತ" ಎಂದೆ.

ಅಮ್ಮನಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. "ಏಮಿ ಬುದ್ಧಿರಾ ನೀಕು" ಎಂದು ನನ್ನ ಬುದ್ಧಿಯನ್ನು ವಿಚಾರಿಸಿಕೊಂಡರು. ನನ್ನ ಹೆಂಡತಿ ಪೆಟ್ಟಿಗೆಯನ್ನೆತ್ತಿ ಕಣದ ಆಚೆ ಕೊಂಡೊಯ್ದಳು. ಕಿಟಕಿಗಳನ್ನೆಲ್ಲ ತೆರೆದೆವು. ಚೇತನ್ ಮತ್ತು ಹರ್ಷಿತ ಬದುಕಿದ್ದ ಹುಳಗಳನ್ನು ಒಂದೊಂದಾಗಿ ಆಯ್ದು ಬೇರೆ ತಟ್ಟೆಗೆ ಹಾಕಿ, ಹೊಸ ಸೊಪ್ಪು ಕೊಟ್ಟರು. ನಾಗರಾಜ ನನ್ನನ್ನು ಬೈಯಲಿಲ್ಲ. "ಅಣ್ಣ, ನೀನು ಹೊರಗಿರು" ಎಂದ, ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ಹೊರಗಿದ್ದೆ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಒಂದು ಹುಳ ತಲೆ ತಗ್ಗಿಸಿ ಎಲೆಯ ಅಂಚಿಗೆ ಬಾಯಿ ಹಾಕಿದಾಗ, ಮಗು ಕಾಯಿಲೆ ಬಿದ್ದು ಎದ್ದು ಗಂಜಿ ಕೇಳಿದಷ್ಟು ಸಮಾಧಾನ. ಆ ಸ್ಟ್ಯಾಂಡಿನ ಅರ್ಧದಷ್ಟು ಹೋಯಿತು. ಉಳಿದ ಬೆಳೆ ಉಳಿಯಿತೋ ಇಲ್ಲವೋ ಎಂಬುದು ಹುಳ ಗೂಡಿಗೆ ಏರುವವರೆಗೂ ತಿಳಿಯುವಂತಿರಲಿಲ್ಲ. ಆ ಮೂರು ನಾಲ್ಕು ದಿನ ಸರದಿ ಇದ್ದವರೂ ಮಲಗಲಿಲ್ಲ, ಇಲ್ಲದವರೂ ಮಲಗಲಿಲ್ಲ. ಇಷ್ಟರ ನಡುವೆಯೂ ನನ್ನೊಳಗೆ ಒಬ್ಬ ನಾಚಿಕೆಗೆಟ್ಟವನು ಕೂತು, ನೋಡಿದೆಯಾ, ಓದಿದ್ದರಿಂದ ತಾನೆ ಅವಳಿಗೆ ಅಷ್ಟು ಹೊಳೆದಿದ್ದು, ಪಕ್ಕದವನ ತಲೆ ಉಳಿದಿದ್ದು ಎಂದು ಬೆನ್ನು ತಟ್ಟುತ್ತಿದ್ದ. ಅಪರಾಧಿಯನ್ನು ಹಿಡಿದವಳು ಮಗಳು ಎಂಬ ಹೆಮ್ಮೆ ಎಷ್ಟೆಂದರೆ, ಅಪರಾಧಿ ನಾನೇ ಎಂಬುದು ಆಗಾಗ ಮರೆತುಹೋಗುತ್ತಿತ್ತು. ಕಚೇರಿಯಲ್ಲಿ ಹೇಳುವಾಗಲೂ ಅಷ್ಟು ಭಾಗವನ್ನು ಬಿಡುತ್ತಿದ್ದೆ.

ಗುರುವಾರ ಹುಳ ಹಣ್ಣಾದವು. ಮೈ ಹೊಂಬಣ್ಣಕ್ಕೆ ತಿರುಗಿದ ಒಂದೊಂದನ್ನೂ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಿಗೆ ಬಿಟ್ಟೆವು. ನನಗೂ ಒಳಗೆ ಬರಲು ಅಪ್ಪಣೆಯಾಯಿತು. ಜೇಬು ತಡವಿ ನೋಡಿದ ಮೇಲೆ. ಸಂಜೆಯ ವೇಳೆಗೆ ಎಲ್ಲ ಚಂದ್ರಿಕೆಗಳಲ್ಲೂ ತೆಳ್ಳಗೆ ಎಳೆ ಕಾಣತೊಡಗಿತು. "ಉಳ್ಕೊಂಡ್ವು ಬಿಡಣ್ಣ" ಎಂದ ನಾಗರಾಜ. ಅಷ್ಟು ದಿನಗಳಲ್ಲಿ ಅವನು ನನ್ನೊಡನೆ ಆಡಿದ ಮೊದಲ ಮಾತು. ಆ ರಾತ್ರಿ ಮನೆಗೆ ಮನೆಯೇ ಒಂದೇ ನಿದ್ದೆ ತೆಗೆಯಿತು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಬಿಸಿಲು ಜಗಲಿಗೆ ಬಂದಿತ್ತು. ಹರ್ಷಿತ ಅಜ್ಜಿಗೆ ಹೇಳುತ್ತಿದ್ದಳು, "ತಪ್ಪು ಒಪ್ಕೊಂಡ್ಮೇಲೆ ಅಪರಾಧಿಗೆ ಎಲ್ರಿಗಿಂತ ಒಳ್ಳೆ ನಿದ್ದೆ ಬರ್ತದಂತೆ ಅಜ್ಜಿ. ಪುಸ್ತಕದಲ್ಲೇ ಇದೆ."

"ಯಾವ್ ಪುಸ್ತಕದಲ್ಲಮ್ಮ?" ಎಂದೆ ಹೆಮ್ಮೆಯಿಂದ.

"ನೀನೇ ತಂದಿದ್ದಲ್ಲಪ್ಪ" ಎಂದಳು. "ಒಂದ್ಸಲ ಓದಿ ನೋಡು."