ಕೋಪರಖೈರಣೆ ಮಾರ್ಗವಾಗಿ ಸ್ವಿಟ್ಜರ್ಲೆಂಡಿನಿಂದ ಠಾಣೆಗೆ

ಠಾಣೆಯ ಕನ್ನಡ ಸಮಾಧಾನ ಸಭೆಯ ಪ್ರಥಮ ವಿದೇಶ ಸುವಾರ್ತಾ ಯಾತ್ರೆಯು ದೇವರ ದಯೆಯಿಂದ ಹನ್ನೆರಡನೆಯ ದಿನಕ್ಕೆ ಕಾಲಿಟ್ಟಿತ್ತು. ಯಾತ್ರಿಕರು ನಾಲ್ವರು, ಆರೋಗ್ಯ ಉತ್ತಮ, ಹವಾಮಾನ ಹಿತವಾದ ಚಳಿ ಎಂದು ಸಭೆಯ ವಾಟ್ಸಾಪ್ ಗುಂಪಿಗೆ ಆ ದಿನದ ವರದಿ ಹೋಯಿತು. ಸ್ಥಳ ಸ್ವಿಟ್ಜರ್ಲೆಂಡ್. ವಿಳಾಸ ಮಾತ್ರ ಠಾಣೆಯ ಹತ್ತಿರದ ಸಾನಪಾಡಾದ ಒಂದು ವಸತಿ ಸೊಸೈಟಿಯ ಬಿ ವಿಂಗ್, ಮೂರನೆಯ ಮಹಡಿ, ಕಾರ್ಯದರ್ಶಿ ದಯಾನಂದ ಸೋನ್ಸರ ಭಾವ ಬೀಗ ಹಾಕಿಟ್ಟಿದ್ದ ಫ್ಲ್ಯಾಟು.

ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಹಿಂದೊಂದು ಕಾಲದಲ್ಲಿ ಆ ದೇಶದವರು ಹಡಗು ಹತ್ತಿ ಮಂಗಳೂರಿಗೆ ಬಂದು ನಮ್ಮ ಅಜ್ಜಂದಿರಿಗೆ ಸುವಾರ್ತೆ ಹೇಳಿದ್ದರು. ಈಗ ಅವರ ದೇವಾಲಯಗಳೇ ಭಾನುವಾರ ಖಾಲಿ ಬೀಳುತ್ತಿವೆಯೆಂದು ಯಾರೋ ಹೇಳಿದ ಮೇಲೆ, ಪಡೆದದ್ದನ್ನು ಹಿಂದಿರುಗಿಸುವುದು ಧರ್ಮವೆಂದು ಸಭೆ ತೀರ್ಮಾನಿಸಿತು. ಅದಕ್ಕಾಗಿ ಉಪಸಮಿತಿಗಳಾದವು. ವೀಸಾ ಅರ್ಜಿಯನ್ನು ಪ್ರಯಾಣ ಉಪಸಮಿತಿ ಹಾಕಿದೆಯೆಂದು ವೀಸಾ ಉಪಸಮಿತಿಯೂ, ವೀಸಾ ಉಪಸಮಿತಿ ಹಾಕಿದೆಯೆಂದು ಪ್ರಯಾಣ ಉಪಸಮಿತಿಯೂ ಕೊನೆಯವರೆಗೆ ಪರಸ್ಪರ ನಂಬಿಕೊಂಡು ಬಂದವು. ಕ್ರೈಸ್ತ ಸಹೋದರರಲ್ಲಿ ಇಷ್ಟಾದರೂ ನಂಬಿಕೆ ಇರಬೇಡವೇ? ಹೇಳಿದ ದಿನಕ್ಕೆ ಕೆಲಸ ಮುಗಿಸಿದ್ದು ಬೀಳ್ಕೊಡುಗೆ ಉಪಸಮಿತಿ ಒಂದೇ. ಮೇ ತಿಂಗಳಿನಲ್ಲಿ ಮದುವೆಗಳ ನಡುವೆ ಸಭಾಂಗಣ ಖಾಲಿ ಇದ್ದದ್ದು ಒಂದೇ ಶನಿವಾರ. ಅಂದು ನಾಲ್ವರಿಗೂ ಶಾಲು ಹೊದಿಸಿ, ಹಾರ ಹಾಕಿ, ಗಾಯನ ಮಂಡಳಿಯಿಂದ ಎರಡು ಕೀರ್ತನೆ ಹಾಡಿಸಿ, ಕಣ್ಣೊರೆಸಿಕೊಂಡು ಕಳಿಸಿಕೊಟ್ಟರು. ವೀಸಾ ಇಲ್ಲವೆಂಬ ಸಂಗತಿ ಹೊರಬಿದ್ದದ್ದು ಊಟದ ನಂತರ.

ಹಾರ ಹಾಕಿಸಿಕೊಂಡವರು ಹಾಗೇ ಮನೆಗೆ ಹೋಗಿ ಲುಂಗಿ ಉಟ್ಟುಕೊಳ್ಳಲಾದೀತೇ? ಕಾರ್ಯದರ್ಶಿಗಳು ಪಾರ್ಕಿಂಗ್ ಜಾಗದಲ್ಲೇ ತುರ್ತುಸಭೆ ಕರೆದು ಒಂದು ನಿರ್ಣಯ ಬರೆದರು. ‘ವಿಧಿವತ್ತಾಗಿ ಬೀಳ್ಕೊಡಲ್ಪಟ್ಟ ಸದಸ್ಯರು, ವಿಧಿವತ್ತಾಗಿ ಸ್ವಾಗತಿಸಲ್ಪಡುವವರೆಗೆ, ಎಲ್ಲೇ ಇರಲಿ, ವಿದೇಶದಲ್ಲಿದ್ದಾರೆಂದೇ ಪರಿಗಣಿಸತಕ್ಕದ್ದು.’ ಅದನ್ನು ಅನುಮೋದಿಸಿದವರು ನಾಲ್ವರಲ್ಲೊಬ್ಬರಾದ ಜಯಶೀಲ ಕರ್ಕಡ.

ಜಯಶೀಲರಿಗೆ ಐವತ್ತೊಂಬತ್ತು ವಯಸ್ಸು. ಡೊಂಬಿವಿಲಿಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು, ಒಂದು ದಿನವೂ ತಡವಾಗಿ ಹೋಗದೆ, ಒಂದು ದಿನವೂ ಎದುರಾಡದೆ ನಿವೃತ್ತರಾದವರು. ಸಭೆಯ ಹಿರಿಯರ ಸಮಿತಿಗೆ ಹನ್ನೊಂದು ವರ್ಷದಿಂದ ಕಾದಿದ್ದರು. ಯಾತ್ರೆಯಿಂದ ಬಂದವರಿಗೆ ಈ ಸಲ ಸ್ಥಾನ ಖಚಿತವೆಂದು ದಯಾನಂದ ಸೋನ್ಸರು ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು. ಆ ಕೈಯ ಭಾರ ಇನ್ನೂ ಅವರ ಹೆಗಲಿನಿಂದ ಇಳಿದಿರಲಿಲ್ಲ.

ಯಾತ್ರೆ ಶಿಸ್ತಿನಿಂದ ನಡೆಯಿತು. ಗಡಿಯಾರವನ್ನು ಆ ದೇಶದ ಸಮಯಕ್ಕೆ ಮೂರೂವರೆ ಗಂಟೆ ಹಿಂದಕ್ಕೆ ತಿರುಗಿಸಿದ್ದರಿಂದ ಬೆಳಗಿನ ತಿಂಡಿ ಹನ್ನೊಂದೂವರೆಗೆ ಸಿಗುತ್ತಿತ್ತು. ಮೇ ತಿಂಗಳ ಸಾನಪಾಡಾದಲ್ಲಿ ಫೋಟೋ ತೆಗೆಯುವಾಗ ಸ್ವೆಟರು ಕಡ್ಡಾಯ. ಕ್ಯಾಮೆರಾ ಹೊಣೆ ಹೊತ್ತ ಸುನಿಲ ಫ್ರೀಜರಿನಿಂದ ಮಂಜು ಕೆರೆದು ಕಿಟಕಿಯ ಕಟ್ಟೆಯ ಮೇಲೆ ಹರವಿ, ಅದು ಕರಗುವಷ್ಟರಲ್ಲಿ ನಾಲ್ಕು ಚಿತ್ರ ತೆಗೆಯುವುದರಲ್ಲಿ ಪಳಗಿದ್ದ. ಸ್ತ್ರೀಯರ ಸಂಘದ ನಳಿನಾಕ್ಷಿಯವರು ಮೀನು ತರಲು ಮಾರ್ಕೆಟ್ಟಿಗೆ ಹೋದರೆ ಅದನ್ನು ‘ಸ್ಥಳೀಯ ಜನಜೀವನದ ವೀಕ್ಷಣೆ’ ಎಂದು ಬರೆದುಕೊಳ್ಳುತ್ತಿದ್ದರು. ಸುವಾರ್ತೆ ಸಾರುವ ಕೆಲಸವೂ ನಿಂತಿರಲಿಲ್ಲ. ಕಟ್ಟಡದ ಕಾವಲುಗಾರ ಸಿದ್ರಾಮ ಆಳಂದದ ಕಡೆಯವನು. ಅವನನ್ನು ದಿನಾ ಸಂಜೆ ಮೇಲೆ ಕರೆದು, ಚಹಾ ಕೊಟ್ಟು, ಸಾಂತ್ವನ ಹೇಳಿ ಕಳಿಸುತ್ತಿದ್ದರು. ಅವನಿಗೆ ದುಃಖವೇನೂ ಇರಲಿಲ್ಲ. ಆದರೂ ಹನ್ನೊಂದು ಸಂಜೆ ಬಂದು ಹೋದದ್ದರಿಂದ ವರದಿಯಲ್ಲಿ ‘ಹನ್ನೊಂದು ಮಂದಿ ಸ್ಥಳೀಯರು’ ಎಂದಾಯಿತು.

ಹನ್ನೆರಡನೆಯ ದಿನ ಬೆಳಿಗ್ಗೆ ಏಳಕ್ಕೆ ಜಯಶೀಲರ ಫೋನು ಬಡಿದುಕೊಂಡಿತು. ಠಾಣೆಯ ವರ್ತಕ ನಗರದ ಮನೆಯಿಂದ ಹೆಂಡತಿ ಜಯಲತಾ. ಅಮ್ಮ ಬಚ್ಚಲಿನಲ್ಲಿ ಬಿದ್ದಿದ್ದಾರೆ, ಮನೆಯ ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸಿದೆ, ಎಂಬತ್ತಾರರ ಹೃದಯ, ಡಾಕ್ಟರು ಆಸೆ ಕೊಡುತ್ತಿಲ್ಲ ಎಂದಳು.

“ಅಮ್ಮ ನಿಮ್ಮನ್ನೇ ಕೇಳ್ತಾ ಇದ್ದಾರೆ. ಹೇಗಾದ್ರೂ ಮಾಡಿ ಬನ್ನಿ ಮಾರಾಯ್ರೆ. ಇವತ್ತು ನಾಳೆ ಅಷ್ಟೇ ಅಂತೆ.”

ಜಯಶೀಲರು ಪ್ಯಾಂಟು ಹಾಕಿಕೊಂಡರು. ಸಾನಪಾಡಾದಿಂದ ಠಾಣೆಗೆ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ, ಅಲ್ಲಿಂದ ರಿಕ್ಷಾ. ಎಂಟೂವರೆಗೆ ಅಮ್ಮನ ಹಾಸಿಗೆಯ ಬಳಿ ಇರಬಹುದಿತ್ತು. ಆದರೆ ಕೇಳದೆ ಹೋಗುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಕಾರ್ಯದರ್ಶಿಗಳು ಹೊರಕೋಣೆಯಲ್ಲಿ ಕೂತು ಪೇಪರು ಓದುತ್ತ ಚಹಾ ಕುಡಿಯುತ್ತಿದ್ದರು. ಜಯಶೀಲರು ಎದುರು ನಿಂತು ಎರಡು ಸಲ ಕೆಮ್ಮಿದರು. ದಯಾನಂದ ಸೋನ್ಸರು ಕಣ್ಣೆತ್ತದೆ ಗೋಡೆಯ ಗಡಿಯಾರದತ್ತ ಬೆರಳು ತೋರಿಸಿದರು. ಅದರಲ್ಲಿ ಮೂರೂವರೆ ಆಗಿತ್ತು. ಕಾರ್ಯದರ್ಶಿಗಳು ನಿದ್ದೆಯಲ್ಲಿದ್ದರು. ಅರ್ಜಿಗಳನ್ನು ಸ್ವೀಕರಿಸುವ ಸಮಯ ಎಂಟರ ನಂತರ, ಅಂದರೆ ನಮ್ಮ ಹನ್ನೊಂದೂವರೆಯ ನಂತರ.

ಜಯಶೀಲರು ಕಾದರು. ಕಾರ್ಯದರ್ಶಿಗಳು ನಿದ್ದೆಯಲ್ಲೇ ಇನ್ನೊಂದು ಲೋಟ ಚಹಾ ಕೇಳಿ ಕುಡಿದರು.

ಹನ್ನೊಂದೂವರೆಗೆ ಎದ್ದವರು ವಿಷಯ ಕೇಳಿ ನಿಜವಾಗಿಯೂ ನೊಂದರು. ನಳಿನಾಕ್ಷಿಯವರು ಆ ಕ್ಷಣವೇ ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಆಮೇಲೆ ಚರ್ಚೆಯಾಯಿತು. ಅಮ್ಮನನ್ನು ನೋಡಲು ಮಗ ಹೋಗಬೇಕೆಂಬುದರಲ್ಲಿ ಎರಡು ಮಾತಿರಲಿಲ್ಲ. ತೊಡಕಿದ್ದದ್ದು ತಲುಪುವ ಹೊತ್ತಿನಲ್ಲಿ.

“ಸ್ವಿಟ್ಜರ್ಲೆಂಡಿನಿಂದ ಒಂದೂವರೆ ಗಂಟೆಯಲ್ಲಿ ವರ್ತಕ ನಗರಕ್ಕೆ ಬಂದವರು ಯಾರಾದ್ರೂ ಇದ್ದಾರಾ ಜಯಶೀಲರೇ?” ಎಂದು ದಯಾನಂದ ಸೋನ್ಸರು ಮೆಲ್ಲಗೆ ಕೇಳಿದರು. “ನೀವೊಬ್ಬರು ಹೀಗೆ ಬಂದ್ರೆ ಉಳಿದ ಮೂವರ ಸಾಕ್ಷಿಯ ಗತಿ ಏನು? ಹಿರಿಯರಾಗುವವರು ನೀವು. ನೀವೇ ಹೇಳಿ.”

ಅಂಥವರು ಯಾರೂ ಇಲ್ಲವೆಂಬುದು ಜಯಶೀಲರಿಗೂ ಗೊತ್ತಿತ್ತು.

ಒಂದು ಗಂಟೆಗೆ ಸರ್ವಾನುಮತದ ತೀರ್ಮಾನವಾಯಿತು. ಸದಸ್ಯರು ತುರ್ತಾಗಿ ಸ್ವದೇಶಕ್ಕೆ ಮರಳಬಹುದು. ಪ್ರಯಾಣದ ಅವಧಿ ಹದಿನೇಳು ಗಂಟೆ. ಮೊದಲ ಮೂರು ಗಂಟೆ ವಿಮಾನ ನಿಲ್ದಾಣದಲ್ಲಿ, ಅಂದರೆ ಒಳಕೋಣೆಯಲ್ಲಿ. ಮುಂದಿನ ಆರು ಗಂಟೆ ಆಕಾಶದಲ್ಲಿ, ಅಂದರೆ ಹೊರಕೋಣೆಯ ಸೋಫಾದ ಮೇಲೆ. ಉಳಿದದ್ದು ದುಬೈಯಲ್ಲಿ ವಿಮಾನ ಬದಲಿಸುವುದಕ್ಕೆ. ಕೋಪರಖೈರಣೆಯಲ್ಲಿ ನಳಿನಾಕ್ಷಿಯವರ ತಂಗಿಯ ಮನೆಯಿತ್ತು. ಅದೇ ದುಬೈ ಆಗಬಹುದೆಂದು ಅವರು ದೊಡ್ಡ ಮನಸ್ಸಿನಿಂದ ಒಪ್ಪಿದರು.

ಒಳಕೋಣೆಯಲ್ಲಿ ಜಯಶೀಲರು ಮೊಣಕಾಲಿನ ಮೇಲೆ ಬ್ಯಾಗು ಇಟ್ಟುಕೊಂಡು ಕೂತರು. ನಡುವೆ ಚಹಾದ ಹೊತ್ತಿಗೆ ಸಿದ್ರಾಮ ಬಂದವನು ಎಲ್ಲ ಕೇಳಿಕೊಂಡು, ಬಾಗಿಲ ಬಳಿ ನಿಂತು ತಲೆ ಕೆರೆದುಕೊಂಡ.

“ಸಾಹೇಬ್ರ, ನಾಕೂ ಹತ್ತಕ್ಕ ಠಾಣೆ ಗಾಡಿ ಐತ್ರಿ. ನಾ ಬ್ಯಾಗ್ ಹಿಡೀತೀನಿ, ನಡೀರಿ. ಅವ್ವನ್ ನೋಡಾಕ ಇವರನ್ನೇನ್ ಕೇಳೂದ್ರಿ?”

ಜಯಶೀಲರು ಎದ್ದು ನಿಂತದ್ದೂ ಹೌದು. ಅಷ್ಟರಲ್ಲಿ ಹೊರಕೋಣೆಯಿಂದ ಕಾರ್ಯದರ್ಶಿಗಳು, ವಿಮಾನ ಹತ್ತುವ ಸಮಯವಾಯಿತೆಂದು ಕರೆದರು. ಜಯಶೀಲರು ಹೋಗಿ ಸೋಫಾದಲ್ಲಿ ಕೂತರು. ಕಿಟಕಿಯ ಪಕ್ಕದ ಸೀಟನ್ನೇ ಕೊಟ್ಟಿದ್ದರು, ಅದು ವಿಶೇಷ ಸೌಲಭ್ಯ. ಸಾಂತ್ವನದ ಕೆಲಸ ನಮ್ಮದು, ಸ್ಥಳೀಯರು ನಮಗೆ ಸಾಂತ್ವನ ಹೇಳುವ ಕ್ರಮವಿಲ್ಲ ಎಂದು ಸಿದ್ರಾಮನಿಗೆ ತಿಳಿಸಿ ಕೆಳಗೆ ಕಳಿಸಲಾಯಿತು.

ರಾತ್ರಿ ಹತ್ತು ಗಂಟೆಗೆ ಜಯಶೀಲರು ರಿಕ್ಷಾದಲ್ಲಿ ಕೋಪರಖೈರಣೆ ಮುಟ್ಟಿದರು. ಅದು ಠಾಣೆಯ ದಾರಿಯಲ್ಲೇ ಇರುವುದರಿಂದ ಅಮ್ಮನಿಗೆ ಒಂದಿಷ್ಟು ಹತ್ತಿರವಾದೆನೆಂಬ ಸಮಾಧಾನ ಅವರಿಗಿತ್ತು. ನಳಿನಾಕ್ಷಿಯವರ ತಂಗಿ ಒಳ್ಳೆಯ ಹೆಂಗಸು. ಊಟ ಹಾಕಿ, ಮಂಚ ಬಿಟ್ಟುಕೊಟ್ಟಳು. ಆದರೆ ದುಬೈಯಲ್ಲಿ ನಿಲ್ದಾಣದಿಂದ ಹೊರಗೆ ಹೋಗಲು ಬೇರೆ ವೀಸಾ ಬೇಕೆಂದು ಅಕ್ಕ ಫೋನಿನಲ್ಲಿ ಹೇಳಿದ್ದರಿಂದ, ಹೊರಬಾಗಿಲ ಕೀಲಿಯನ್ನು ತಲೆದಿಂಬಿನ ಕೆಳಗಿಟ್ಟು ಮಲಗಿದಳು. ಜಯಶೀಲರು ಕೇಳಿದ್ದರೆ ಕೊಡುತ್ತಿದ್ದಳೇನೋ. ಅವರು ಕೇಳಲಿಲ್ಲ.

ಬೆಳಿಗ್ಗೆ ಆರಕ್ಕೆ ಹದಿನೇಳು ಗಂಟೆ ತುಂಬಿತು. ಜಯಶೀಲರು ಬೂಟು ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದರು. ಆಗ ಸಾನಪಾಡಾದಿಂದ ಫೋನು ಬಂತು. ಹೇಳಿದ ಸಮಯಕ್ಕೆ ಸರಿಯಾಗಿ ಇಳಿಯುವ ವಿಮಾನವನ್ನು ಯಾರೂ ನಂಬುವುದಿಲ್ಲ, ಆದ್ದರಿಂದ ಎರಡು ಗಂಟೆ ತಡ ಎಂದು ಸಮಿತಿ ನಿರ್ಧರಿಸಿದೆ, ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದರು ದಯಾನಂದ ಸೋನ್ಸರು. ಜಯಶೀಲರು ಆಗಲಿ ಎಂದರು. ಬೂಟು ಬಿಚ್ಚಲಿಲ್ಲ, ಅಷ್ಟೇ ಅವರು ಮಾಡಿದ ಪ್ರತಿಭಟನೆ.

ನರ್ಸಿಂಗ್ ಹೋಮಿನ ಮೆಟ್ಟಿಲು ಹತ್ತುವಾಗ ಒಂಬತ್ತು ಗಂಟೆ. ಅಮ್ಮ ತೀರಿಕೊಂಡದ್ದು ಎಂಟಕ್ಕೆ ಹತ್ತು ನಿಮಿಷ ಇರುವಾಗ. ಮುಖ ಇನ್ನೂ ಮುಚ್ಚಿರಲಿಲ್ಲ. ಜಯಶೀಲರು ಕಾಲ ಬುಡದಲ್ಲಿ ಕುಸಿದು ಕೂತು, ಸ್ವೆಟರಿನ ತೋಳಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಸುತ್ತ ನಿಂತಿದ್ದ ಸಭೆಯವರು, ಅಷ್ಟು ದೂರದಿಂದ ಒಂದೇ ದಿನದಲ್ಲಿ ಓಡಿ ಬಂದ ಮಗ, ಋಣ ಅಂದರೆ ಇದು, ಎಂದು ತಮ್ಮತಮ್ಮಲ್ಲೇ ಹೇಳಿಕೊಂಡರು. ದಣಿವಾಗಿರುತ್ತದೆ, ಅಲ್ಲಿ ಇನ್ನೂ ಬೆಳಕು ಹರಿಯುವ ಹೊತ್ತು, ಸ್ವಲ್ಪ ಮಲಗಲಿ ಎಂದು ಒಬ್ಬರು ಸೂಚಿಸಿದರು.

ಎಲ್ಲರೂ ಹೊರಗೆ ಹೋದ ಮೇಲೆ ಜಯಲತಾ ಬಾಯಿ ಬಿಟ್ಟಳು.

“ಆರು ಗಂಟೆವರೆಗೂ ಎಚ್ಚರ ಇದ್ರು. ಬಾಗಿಲೇ ನೋಡ್ತಾ ಇದ್ರು. ಕೊನೆಗೆ ಒಂದೇ ಮಾತು ಕೇಳಿದ್ದು. ‘ಸಾನಪಾಡಾದಿಂದ ಬರ್ಲಿಕ್ಕೆ ಅವನಿಗೆ ಇಷ್ಟು ಹೊತ್ತು ಬೇಕಾ?’ ಅಂತ.”

ಜಯಶೀಲರು ಹೆಂಡತಿಯ ಮುಖ ನೋಡಿದರು. ಗೋಡೆಗೆ ಒರಗಿದ್ದ ಮಗಳು ಮಾನಸಿ ಮುಖ ತಿರುಗಿಸದೆ, “ಪಪ್ಪಾ, ಸಬ್ ಕೋ ಪತಾ ಥಾ. ಆಪ್ ಕಾ ಲೊಕೇಶನ್ ಪಹಲೇ ದಿನ್ ಸೇ ಆನ್ ಥಾ. ಅಜ್ಜಿ ಕೋ ಮೈಂನೇ ದಿಖಾಯಾ” ಎಂದಳು. ಅಪ್ಪ ಇರುವ ಜಾಗವನ್ನು ಅವರ ಫೋನೇ ಮೊದಲ ದಿನದಿಂದ ಎಲ್ಲರಿಗೂ ತೋರಿಸುತ್ತಿತ್ತಂತೆ. ಹನ್ನೆರಡು ದಿನವೂ ಅಜ್ಜಿ ಮೊಮ್ಮಗಳ ಫೋನು ಇಸಿದುಕೊಂಡು ನಕ್ಷೆಯ ಮೇಲಿನ ಆ ನೀಲಿ ಚುಕ್ಕೆಯನ್ನು ನೋಡುತ್ತಿದ್ದರಂತೆ. ಮಗ ಹತ್ತಿರವೇ ಇದ್ದಾನಲ್ಲ ಎಂದು ನೆಮ್ಮದಿಯಿಂದ ಇದ್ದರಂತೆ.

ಎರಡು ದಿನದ ನಂತರ ಉಳಿದ ಮೂವರೂ ವಿದೇಶದಿಂದ ಸುರಕ್ಷಿತವಾಗಿ ಮರಳಿದರು. ಜಯಶೀಲರೂ ಸೇರಿ ನಾಲ್ವರಿಗೂ ಹಾರ ಹಾಕಿ ಸ್ವಾಗತಿಸಿದ ಸಮಾರಂಭದ ಮೊದಲ ಭಾಗವನ್ನು ಸಂತಾಪಕ್ಕೆ ಮೀಸಲಿಡಲಾಗಿತ್ತು. ಆಸ್ಪತ್ರೆಯಲ್ಲಿ ಮೃತರು ಆಡಿದ ಮಾತನ್ನು ದಾದಿಯೊಬ್ಬಳು ಕೇಳಿಸಿಕೊಂಡು ಅಲ್ಲಿ ಇಲ್ಲಿ ಹೇಳಿದ್ದರಿಂದ, ಅದರ ಬಗ್ಗೆ ಸ್ಪಷ್ಟನೆ ಅಗತ್ಯವೆಂದು ಕಾರ್ಯದರ್ಶಿಗಳಿಗೆ ಅನಿಸಿತು. ಅವರು ಗಂಭೀರವಾಗಿ ಓದಿದರು.

“ಸನ್ಮಾನ್ಯ ಜಯಶೀಲ ಕರ್ಕಡರ ಮಾತೃಶ್ರೀಯವರಿಗೆ ಕೊನೆಯ ಗಳಿಗೆಯಲ್ಲಿ ವಯೋಸಹಜವಾಗಿ ಬುದ್ಧಿಭ್ರಮಣೆಯಾಗಿ, ಮಗ ಎಲ್ಲಿದ್ದಾನೆಂಬ ತಿಳಿವಳಿಕೆ ಇರಲಿಲ್ಲವೆಂದು ಈ ಸಭೆಯು ದುಃಖದಿಂದ ದಾಖಲಿಸುತ್ತದೆ. ಒಪ್ಪಿಗೆ ಇದ್ದವರು ಕೈ ಎತ್ತಬೇಕು.”

ಸಭಾಂಗಣದಲ್ಲಿ ಇನ್ನೂರು ಜನ. ಹಿಂದಿನ ಸಾಲಿನಿಂದ ಮಾನಸಿ ಎದ್ದು ಹೊರಗೆ ಹೋದದ್ದನ್ನು ಬಿಟ್ಟರೆ ಯಾರೂ ಕದಲಲಿಲ್ಲ. ಮನೆಯವರೇ ಮೊದಲು ಹೇಳಲಿ ಎಂದು ಎಲ್ಲರೂ ಮರ್ಯಾದೆಯಿಂದ ಮುಂದಿನ ಸಾಲಿನತ್ತ ನೋಡಿದರು. ಜಯಶೀಲರು ಕೊರಳಿನ ಹಾರವನ್ನು ಎಡಗೈಯಿಂದ ಸರಿಪಡಿಸಿಕೊಂಡು, ಬಲಗೈ ಎತ್ತಿದರು.