ನನ್ನನ್ನು ನಡುಗಿಸಿದ ಥೀಮುಗಳು

ಬೇರೆಯವರ ಕೈಯಲ್ಲಿ ಕಂಪ್ಯೂಟರು ಪಳಗಿದ ಎತ್ತಿನ ಹಾಗೆ ನಡೆಯುತ್ತದೆ. ನಾನು ಎದುರಿಗೆ ಕುಳಿತ ದಿನ ಮಾತ್ರ ಅದಕ್ಕೆ ಏನಾದರೊಂದು ಆಗಿಯೇ ತೀರುತ್ತದೆ. ಎಷ್ಟು ವರ್ಷವಾದರೂ ಈ ಯೋಗ ತಪ್ಪಿಲ್ಲ.

ನನ್ನದು ಕಮಠಾಣ. ಓದಿದ್ದು ಊರ ಸಾಲಿಯಲ್ಲಿ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸದೆ ನೀರು ಕುಡಿದವನಲ್ಲ. ಸಾಲು ಬರಗಾಲ ಬಿದ್ದ ವರ್ಷಗಳಲ್ಲಿ ಔರಾದಿನ ಒಂದು ಕಚೇರಿಯಲ್ಲಿ ನನಗೆ ತಾತ್ಪೂರ್ತಿಕ ಕೆಲಸ ಸಿಕ್ಕಿತು. ಯಾವ ಊರಿಗೆ ಯಾವ ದಿನ ನೀರಿನ ಟ್ಯಾಂಕರ್ ಹೋಯಿತು ಎಂಬುದನ್ನು ಕಂಪ್ಯೂಟರಿನಲ್ಲಿ ಬರೆಯುವುದು. ಆರು ತಿಂಗಳಿಗೊಮ್ಮೆ ಬೀದರಿನ ದೊಡ್ಡ ಸಾಹೇಬರು ಸಹಿ ಹಾಕಿದರೆ ಕೆಲಸ ಮುಂದುವರಿಯುತ್ತಿತ್ತು, ಇಲ್ಲವಾದರೆ ಇಲ್ಲ.

ಕಚೇರಿಯ ಎದುರಿಗೇ ದಿನಾ ಮುಂಜಾನೆ ಹೈದರಾಬಾದಿಗೆ ಹೋಗುವ ಗಾಡಿ ನಿಲ್ಲುತ್ತಿತ್ತು. ಹಾಸಿಗೆ, ಪಾತ್ರೆ, ಕೂಸು ಕಟ್ಟಿಕೊಂಡು ಮಂದಿ ದುಡಿಮೆ ಹುಡುಕಿ ಹತ್ತುತ್ತಿದ್ದರು. ನನ್ನ ಹೆಂಡತಿಯ ಅಣ್ಣನೂ ಅದರಲ್ಲೇ ಹೋದವನು. ಆ ಗಾಡಿಗೂ ನನ್ನ ಕುರ್ಚಿಗೂ ನಡುವೆ ಇದ್ದದ್ದು ಇಪ್ಪತ್ತು ಹೆಜ್ಜೆ. ಮೊದಲ ದಿನವೇ ನಮ್ಮ ಕಚೇರಿಯ ಸಾಹೇಬರು ಕಿಟಕಿಯಿಂದ ಅದನ್ನು ತೋರಿಸಿ ಹೇಳಿದ್ದರು: "ನೋಡ್ರಿ, ಈ ಕಂಪ್ಯೂಟರಿಗಿ ಏನರ ಆತಂದ್ರ ನೀವೂ ಅದರಾಗೇ ಹತ್ತೂದು."

ಅಂದಿನಿಂದ ನನ್ನ ಹೆಂಡತಿ ದಿನಾ ಸಂಜೆ ನನ್ನ ಆರೋಗ್ಯ ಕೇಳುವುದನ್ನು ಬಿಟ್ಟು, "ಕಂಪ್ಯೂಟರ್ ಆರಾಮ ಅದ ಏನ್ರಿ?" ಎಂದು ಕೇಳತೊಡಗಿದಳು.

೧. ಹೊಸ ಬಟ್ಟೆ

ಕಂಪ್ಯೂಟರ್ ರಿಪೇರಿಗೆ ಭಾಲ್ಕಿಯಿಂದ ತಿಂಗಳಿಗೊಮ್ಮೆ ಒಬ್ಬ ಮೆಕ್ಯಾನಿಕ್ ಬರುತ್ತಿದ್ದ. ಚುರುಕು ಮನುಷ್ಯ. ಬಂದವನೇ ಪರದೆ ನೋಡಿ ಮುಖ ಕಿವುಚಿದ.

"ಕಾಕಾ, ಎಷ್ಟು ದಿನಾ ಅಂತ ಇದೇ ನೀಲಿ ಬಣ್ಣ ನೋಡ್ತೀರಿ? ಥೀಮ್ ಪ್ಯಾಕ್ ಹಾಕ್ತೇನಿ. ಚಿತ್ರ, ಬಣ್ಣ, ಸಪ್ಪಳ, ಎಲ್ಲಾ ಒಮ್ಮಿಗೇ ಬದಲಾಗ್ತದ."

"ಒಳಗಿನ ಪಟ್ಟಿಗಿ ಏನರ ಆದ್ರ?"

"ಗೋಡಿಗಿ ಸುಣ್ಣಾ ಹಚ್ಚಿದ್ರ ಮನಿಯಾಗಿನ ಮಂದಿಗಿ ಏನಾಗ್ತದ್ರಿ?"

ನಾನು ಬೇಡ ಎನ್ನುವಷ್ಟರಲ್ಲಿ ಅವನು ಒತ್ತಿಯೇ ಬಿಟ್ಟ. ಪರದೆ ಒಮ್ಮೆ ಬೂದಿಯ ಬಣ್ಣಕ್ಕೆ ತಿರುಗಿ ಹಾಗೇ ನಿಂತಿತು. ನಾನು ಮೇಜಿನ ಅಂಚು ಹಿಡಿದು 'ಓಂ ನಮಃ ಶಿವಾಯ' ಎಂದೆ. ಮೂರನೆಯ ಸಲ ಎನ್ನುವಾಗ ಬೆಳಕು ಬಂತು. ಎಲ್ಲ ಫಳಫಳ ಹೊಳೆಯುತ್ತಿತ್ತು. ಆದರೆ ನಾನು ದಿನಾ ಓಡಿಸುತ್ತಿದ್ದ ಬಾಣದ ಗುರುತೇ ಇಲ್ಲ! ಅದರ ಜಾಗದಲ್ಲಿ ಒಂದು ನವಿಲುಗರಿ ಅಲುಗಾಡುತ್ತಿತ್ತು. ಗರಿಯಿಂದ ಒತ್ತಿದರೆ ಕೆಲಸ ಆಗುತ್ತದೋ ಇಲ್ಲವೋ ಎಂಬ ಭಯದಲ್ಲಿ ಅರ್ಧ ದಿನ ಕೈ ಕಟ್ಟಿ ಕೂತೆ.

ಸಂಜೆ ಹೆಂಡತಿ ಕೇಳಿದಾಗ, "ಆರಾಮ ಅದ. ಅದಕ್ಕ ಹೊಸಾ ಬಟ್ಟಿ ಹಾಕ್ಯಾರ," ಎಂದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನಾ ಈ ಮನಿಗಿ ಬಂದಾಗಿಂದ ಹಬ್ಬಕ್ಕೊಂದು ಸೀರಿ ಕೇಳಾಕತ್ತೀನಿ. ಮೊನ್ನಿ ಬಂದ ಕಂಪ್ಯೂಟರಿಗಿ ಬಟ್ಟಿ ಬಂತೇನ್ರಿ?"

೨. ಧಬಧಬೆ

ಆ ಥೀಮಿನ ಅಪಾಯ ನನಗೆ ತಿಳಿದದ್ದು ಮರುದಿನ. ಅದರಲ್ಲಿ ಇದ್ದದ್ದೆಲ್ಲ ನೀರಿನ ಚಿತ್ರಗಳು. ಹತ್ತು ನಿಮಿಷಕ್ಕೊಂದು ತಾನೇ ಬದಲಾಗುತ್ತಿತ್ತು.

ಕಮಲನಗರದ ಕಡೆಯ ಒಂದು ಹಳ್ಳಿಯಿಂದ ಹೆಣ್ಣುಮಕ್ಕಳು ಖಾಲಿ ಕೊಡ ಹಿಡಿದು ಬಂದಿದ್ದರು. ಎಂಟು ದಿನದಿಂದ ಅಲ್ಲಿಗೆ ಟ್ಯಾಂಕರ್ ಹೋಗಿರಲಿಲ್ಲ. ನಾನು ಎದ್ದು, ಎಲ್ಲರ ಮುಂದೆ ನಿಂತಿದ್ದ ಹಿರಿಯ ಹೆಂಗಸಿಗೆ ಕೈ ಮುಗಿದೆ. "ಮಾವಶಿ, ಖರೇ ಹೇಳ್ತೇನಿ, ಟ್ಯಾಂಕರ್ ತುಂಬಲಿಕ್ಕೇ ಎಲ್ಲೂ ನೀರಿಲ್ರಿ."

ಮಾವಶಿ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದಳು. ತಿರುಗಿದೆ. ಪರದೆಯ ತುಂಬ ಒಂದು ಧಬಧಬೆ ಬಂಡೆಯ ಮೇಲಿಂದ ಭೋರ್ಗರೆದು ಬೀಳುತ್ತಿತ್ತು.

"ಮತ್ತ ಇದೇನು?"

"ಬರೇ ಚಿತ್ರಾ ರೀ."

"ಚಿತ್ರಾ ತೆಗೆಯೋವಾಗ ನೀರಿತ್ತಲ್ಲ! ಯಾವ ಊರಾಗ ಅದ ಹೇಳು."

"ನನಗ ಗೊತ್ತಿಲ್ರಿ."

"ಕೇಳ್ರವ್ವಾ! ನೀರಿನ ಕಚೇರ್ಯಾಗ ಕುಂತಾನ, ನೀರು ಎಲ್ಲದ ಗೊತ್ತಿಲ್ಲಂತ!"

ಕೊಡಗಳು ಮೇಜಿಗೆ ಬಡಿಯತೊಡಗಿದವು. ಒಂದು ಕೊಡ ಕಂಪ್ಯೂಟರಿಗೆ ಗೇಣು ದೂರದಲ್ಲಿ ಬಂದು ಹೋಯಿತು. ನನ್ನ ಕಣ್ಣ ಮುಂದೆ ಹೈದರಾಬಾದಿನ ಗಾಡಿ ಬಂದು ನಿಂತಿತು. ಚಿತ್ರ ತೆಗೆಯಲು ನವಿಲುಗರಿ ಹುಡುಕುವಷ್ಟರಲ್ಲಿ ಹತ್ತು ನಿಮಿಷ ತುಂಬಿ ಧಬಧಬೆ ಹೋಯಿತು. 'ಶಿವನೇ ಕಾಯ್ದ' ಎಂದುಕೊಂಡೆ. ಅದರ ಬದಲಿಗೆ ದಂಡೆಯವರೆಗೆ ತುಂಬಿ ನಿಂತ ಕೆರೆ, ನಡುವೆ ಒಂದು ದೋಣಿ.

ಮಾವಶಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಿನ್ನ ಟ್ಯಾಂಕರ್ ನೀನೇ ಇಟ್ಕೋ ತಮ್ಮಾ. ಆ ದೋಣಿ ಒಂದು ಕಳಸು, ಸಾಕು."

೩. ಗುಡುಗು

ಹೆಣ್ಣುಮಕ್ಕಳು ಹೋದ ಮೇಲೆ ಭಾಲ್ಕಿಯ ಮೆಕ್ಯಾನಿಕ್ಕಿಗೆ ಫೋನ್ ಹಚ್ಚಿದೆ. "ಈ ನೀರು ತೆಗಿ ಮಾರಾಯಾ, ನನ್ನ ಜೀವಾ ಹೋಗ್ತದ."

"ಅದರಾಗ ಇನ್ನೂ ಥೀಮ್ ಅವ ಕಾಕಾ. ಮೂರನೇದು ಒತ್ರಿ."

ಒತ್ತಿದೆ. ಕಪ್ಪು ಮೋಡದ ಚಿತ್ರ ಬಂತು. ಒಂದೇ ಚಿತ್ರ, ಬದಲಾಗುವುದಿಲ್ಲ, ನೀರಿನ ಹನಿಯೂ ಇಲ್ಲ. ಸಮಾಧಾನದಿಂದ ಮನೆಗೆ ಹೋದೆ. ಥೀಮಿಗೆ ಸಪ್ಪಳವೂ ಇರುತ್ತದೆಂಬುದನ್ನು ಮರೆತಿದ್ದೆ.

ಮರುದಿನ ಮುಂಜಾನೆ ಒಂದು ಊರಿನ ಹೆಸರು ಬರೆಯುವಾಗ ಏನೋ ತಪ್ಪು ಒತ್ತಿದೆ. ಎರಡು ಸ್ಪೀಕರ್ ಡಬ್ಬಿಗಳಿಂದ ಧಡಾರ್ ಎಂದು ಗುಡುಗಿತು. ಗಾಬರಿಯಲ್ಲಿ ಮತ್ತೊಂದು ತಪ್ಪು ಒತ್ತಿದೆ, ಮತ್ತೊಂದು ಗುಡುಗು. ಪಡಸಾಲೆಯಲ್ಲಿ ಕೂತಿದ್ದ ಮಂದಿ ಕೊಡ ಎತ್ತಿಕೊಂಡು ಅಂಗಳಕ್ಕೆ ಓಡಿದರು. ನಮ್ಮ ಸಾಹೇಬರು ಅಂಗಳದಲ್ಲಿದ್ದ ತಮ್ಮ ಮೋಟರ್ ಸೈಕಲ್ಲಿನ ಸೀಟಿಗೆ ಪ್ಲಾಸ್ಟಿಕ್ ಮುಚ್ಚಲು ಓಡಿದರು. ಎಲ್ಲರೂ ಕತ್ತು ಎತ್ತಿ ನಿಂತರು. ಆಕಾಶದಲ್ಲಿ ಹತ್ತಿಯಷ್ಟು ಮೋಡವೂ ಇರಲಿಲ್ಲ.

ಮಂದಿ ಒಬ್ಬೊಬ್ಬರಾಗಿ ಕೊಡ ಕೆಳಗಿಳಿಸಿದರು. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ. ಸ್ಪೀಕರಿನ ವೈರು ಕಿತ್ತು, ಕಳ್ಳನ ಹಾಗೆ ಮೇಜಿನ ಹಿಂದೆ ಕೂತೆ.

ಅಷ್ಟರಲ್ಲಿ ಹೈದರಾಬಾದ್ ಗಾಡಿಯ ಡ್ರೈವರ್ ಒಳಗೆ ನುಗ್ಗಿದ. "ಯಾರ್ರಿ ಇಲ್ಲಿ ಗುಡುಗಿಸಿದವರು? ಮಳಿ ಬರ್ತದಂತ ನನ್ನ ಎಂಟು ಮಂದಿ ಹಾಸಗಿ ಸಮೇತ ಇಳದು ಮನಿಗಿ ಹೋದ್ರು!"

ಎಲ್ಲರೂ ನನ್ನ ಕಡೆ ನೋಡಿದರು.

ಡ್ರೈವರ್ ನನ್ನನ್ನು ಮೇಲಿಂದ ಕೆಳಗೆ ಅಳೆದ. "ಏಳ್ರಿ ಮತ್ತ. ಒಂದು ಸೀಟರ ತುಂಬಲಿ."

೪. ಚಪ್ಪಲಿ ಸಾಲು

ಭಾಲ್ಕಿಯವನು ಈ ಸಲ ಖುದ್ದು ಬಂದ. "ನಿಮಗ ದೇವರ ಥೀಮೇ ಬರೋಬ್ಬರಿ ಕಾಕಾ," ಎಂದು ಹೊಸದನ್ನು ಹಾಕಿ, ನಾನು ಕಿತ್ತಿದ್ದ ಸ್ಪೀಕರಿನ ವೈರು ಜೋಡಿಸಿ, ಮತ್ತೆ ಬೇಕಾದರೆ ಇರಲಿ ಎಂದು ಅದರ ಪೆನ್ ಡ್ರೈವನ್ನೂ ಕೊಟ್ಟು ಹೋದ.

ಹಿಮದ ಮೇಲೆ ಧ್ಯಾನಕ್ಕೆ ಕೂತ ಶಿವ. ಕಂಪ್ಯೂಟರ್ ಚಾಲೂ ಆದರೆ ಗುಡಿಯ ಗಂಟೆ ಬಾರಿಸುತ್ತಿತ್ತು. ಅಂದೇ ಪವಾಡ ನಡೆಯಿತು. ಜಗಳಕ್ಕೆ ಬಂದ ಮಂದಿ ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಕೊಡ ಸಪ್ಪಳವಾಗದಂತೆ ಕೆಳಗಿಟ್ಟು, ಕೈ ಮುಗಿದು ಕೂತರು. ಬಯ್ಯುವವರೂ ಮೆಲ್ಲಗೆ ಬೈದರು.

ಫಜೀತಿ ಆದದ್ದು ನನಗೆ. ಪಟ್ಟಿ ತೆರೆದರೆ ಅದು ಸೀದಾ ದೇವರ ಮುಖವನ್ನೇ ಮುಚ್ಚುತ್ತಿತ್ತು. ಅದಕ್ಕೆ ಅದನ್ನು ರೊಟ್ಟಿಯಷ್ಟು ಸಣ್ಣದು ಮಾಡಿ, ಪಾದದ ಕೆಳಗೆ ಇಟ್ಟುಕೊಂಡು, ಒಂದೊಂದೇ ಊರು ನೋಡುತ್ತ ಬರೆಯತೊಡಗಿದೆ.

"ಕಿಂಡ್ಯಾಗ ಹಣಿಕಿ ಹಾಕಿದಂಗ ಯಾಕ ಕುಂತೀರಿ? ದೊಡ್ಡದು ಮಾಡ್ರಿ," ಎಂದರು ನಮ್ಮ ಸಾಹೇಬರು ಬಾಗಿಲಿನಿಂದ.

"ಮ್ಯಾಲ ದೇವರು ಕುಂತಾನಲ್ರಿ."

ಅವರು ಸಿಟ್ಟಿನಿಂದ ಒಂದು ಹೆಜ್ಜೆ ಮುಂದಿಟ್ಟರು. ಒಳಗೆ ಕೂತ ಮಂದಿಯೆಲ್ಲ ಅವರ ಬೂಟು ನೋಡಿದರು. ಅವರು ಆ ಹೆಜ್ಜೆ ಹಿಂದಕ್ಕೆ ತೆಗೆದುಕೊಂಡರು. ಅಂದಿನಿಂದ ನನಗೆ ಬೀಳುವ ಬೈಗುಳ ಬಹಳ ಕಮ್ಮಿಯಾಯಿತು. ಎರಡೂ ಬೂಟಿನ ಲೇಸು ಬಿಚ್ಚುವವರೆಗೆ ಉಳಿಯುವಂಥ ಸಿಟ್ಟು ಯಾರಿಗೂ ದಿನಾ ಬರುವುದಿಲ್ಲ.

೫. ಬೀದರಿನ ಸೋಮವಾರ

ನನ್ನ ಆರು ತಿಂಗಳು ಮುಗಿಯಲು ಬಂದಿತ್ತು. ಅದೇ ವಾರ ಬೀದರಿನಿಂದ ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು.

ಅವರು ಬರುವ ದಿನ ಮುಂಜಾನೆ ಕುರ್ಚಿಯಲ್ಲಿ ಕೂತವನ ಕಣ್ಣು ಒಂದು ಪಾಪದ ಮೇಲೆ ಬಿತ್ತು. ಬೇಡವಾದದ್ದನ್ನು ಹಾಕಲು ಪರದೆಯ ಮೇಲಿರುವ ಕಸದ ಬುಟ್ಟಿಯ ಗುರುತು ಶಿವನ ಜಟೆಯ ಮೇಲೇ ಕೂತಿತ್ತು. ಗಂಗೆ ಇರುವ ಜಾಗದಲ್ಲಿ ಕಸ! ಅದನ್ನು ಸರಿಸಲು ಹೋಗಿ ಏನು ಒತ್ತಿದೆನೋ, ಬುಟ್ಟಿ ಹೋಯಿತು. ಬುಟ್ಟಿಯ ಜೊತೆಗೆ ಪರದೆಯ ಮೇಲಿದ್ದ ಎಲ್ಲವೂ ಹೋಯಿತು. ಇಡೀ ತಾಲೂಕಿನ ಟ್ಯಾಂಕರ್ ಪಟ್ಟಿ ಹೋಯಿತು. ಶಿವ ಒಬ್ಬನೇ ಹಿಮದ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ನನ್ನ ಅಂಗೈ ಆ ಹಿಮಕ್ಕಿಂತ ತಣ್ಣಗಾಯಿತು.

ಅದೇ ಹೊತ್ತಿಗೆ ಜೀಪು ಬಂತು. ದೊಡ್ಡ ಸಾಹೇಬರು ಚಪ್ಪಲಿ ಸಾಲು ನೋಡಿ ಬೂಟು ಬಿಚ್ಚಿ ಒಳಗೆ ಬಂದರು. ಕೈ ಮುಗಿದು ಕೂತ ಮಂದಿಯನ್ನು ಬೆರಗಾಗಿ ನೋಡಿದರು.

"ಪಟ್ಟಿ ತೋರಸ್ರಿ."

"ಸಾಹೇಬ್ರ, ದೇವರೊಬ್ಬ ಉಳದಾನ್ರಿ. ಉಳದದ್ದೆಲ್ಲಾ ಹೋಗ್ಯದ."

"ಯಾರು ತೆಗದ್ರು?"

"ನಾನೇ ರೀ," ಎಂದೆ. ಪರದೆಯ ಮೇಲಿನ ಶಿವನ ಎದುರು ಸುಳ್ಳು ನಾಲಿಗೆಗೆ ಬರಲಿಲ್ಲ.

ಅವರು ಬಗ್ಗಿ ಎಲ್ಲೋ ಎರಡು ಸಲ ಒತ್ತಿದರು. ಎಲ್ಲವೂ ಮೊದಲಿನ ಜಾಗಕ್ಕೆ ವಾಪಸ್ ಬಂದವು. ಅಳಿಸಿರಲೇ ಇಲ್ಲ, ಬರೀ ಮರೆಯಾಗಿದ್ದವು. ಪಟ್ಟಿ ನೋಡಿದರು, ನನ್ನನ್ನು ನೋಡಿದರು, ಮತ್ತೊಮ್ಮೆ ಮಂದಿಯನ್ನು ನೋಡಿದರು. ಹೊರಗೆ ಲೇಸು ಕಟ್ಟುತ್ತ, "ನಿಮ್ಮ ಮುಂದುವರಿಕಿ ಕಾಗದ ತಗೊಂಡು ಸೋಮವಾರ ಬೀದರಿಗಿ ಬರ್ರಿ," ಎಂದಷ್ಟೇ ಹೇಳಿ ಹೋದರು.

ಮನೆಯಲ್ಲಿ ಇದನ್ನು ಹೇಳಿದೆ. ಹೆಂಡತಿ ಹಾಸಿಗೆ ಸುತ್ತಿ ಹಗ್ಗ ಬಿಗಿದಿಟ್ಟಳು.

ಸೋಮವಾರ ಬೀದರಿನ ಆ ಕಚೇರಿ ತಲುಪಿದಾಗ ದೊಡ್ಡ ಸಾಹೇಬರ ಕೋಣೆಯಿಂದ ಮಂದಿ ಕೂಗಾಡುತ್ತ ಹೊರಗೆ ಬರುತ್ತಿದ್ದರು. ನಾನು ಒಳಗೆ ಹೋದೆ.

"ಬಾಗಲಾ ಮುಚ್ರಿ."

ಮುಚ್ಚಿದೆ. ಅವರು ದನಿ ತಗ್ಗಿಸಿದರು. "ಆ ದೇವರ ಥೀಮು ನಿಮ್ಮ ಕಡಿ ಅದ ಏನು?"

"ಅದ ರೀ. ತಪ್ಪಾತ್ರಿ, ತೆಗದ ಬಿಡ್ತೇನಿ."

"ತೆಗೀಬ್ಯಾಡ್ರಿ. ನನಗ ಹಾಕಿ ಕೊಡ್ರಿ! ಅಲ್ಲಿ ಮಂದಿ ಎಷ್ಟು ಶಾಂತ ಕುಂತಿದ್ರು. ಇಲ್ಲಿ ದಿನಾ ನನ್ನ ಮೇಜು ಬಡೀತಾರ್ರಿ."

ಪೆನ್ ಡ್ರೈವ್ ಜೇಬಿನಲ್ಲಿತ್ತು. ಭಾಲ್ಕಿಯವನು ಒತ್ತಿದ್ದನ್ನೇ ನೆನಪಿಸಿಕೊಂಡು ಅವರ ಕಂಪ್ಯೂಟರಿಗೆ ಹಾಕಿದೆ. ಗಂಟೆ ಬಾರಿಸಿ ಶಿವ ಪ್ರತ್ಯಕ್ಷನಾದ. ಸಾಹೇಬರು ಮೇಜಿನ ಕೆಳಗೆ ಬೂಟು ಕಳಚಿ ಕೈ ಮುಗಿದರು. ಮರುಗಳಿಗೆ ಅವರ ಮುಖ ಬಾಡಿತು.

"ಒಂದು ಫಿಕರ್ ಅದ ನೋಡ್ರಿ. 'ನಾಳಿ ನಿಮ್ಮೂರಿಗಿ ಟ್ಯಾಂಕರ್ ಬರ್ತದ' ಅಂತ ದಿನಾ ಹತ್ತು ಮಂದಿಗಿ ಹೇಳ್ತೇನಿ. ಇವನ ಮುಂದ ಕುಂತು ಹ್ಯಾಂಗ ಹೇಳ್ಲಿ?"

ಅವರು ತಮ್ಮ ಕುರ್ಚಿಯ ಬೆನ್ನಿಗೆ ಹಾಕಿದ್ದ ಬಿಳಿ ಟವೆಲ್ ತೆಗೆದು ಪರದೆಗೆ ಹೊದಿಸಿದರು. ಅವರ ಮುಖದಲ್ಲಿ ಕಳೆ ಬಂತು. ನನ್ನ ಕಾಗದ ಎಳೆದುಕೊಂಡು ಪೆನ್ನು ತೆಗೆದರು.

"ಸಹಿ ಹಾಕ್ತೇನಿ. ಆದ್ರ ಇದರಾಗ ಒಂದು ಸಾಲು ಅದ. 'ಕಂಪ್ಯೂಟರ್ ಚೆನ್ನಾಗಿ ಬಲ್ಲವರು' ಅಂತ. ನೀವೇ ಹೇಳ್ರಿ, ನಿಮಗ ಕಂಪ್ಯೂಟರ್ ಚಲೋ ಬರ್ತದೇನು?"

ನಾನು ಪರದೆಯ ಕಡೆ ನೋಡಿದೆ. ಟವೆಲ್ಲಿನ ಒಂದು ಮೂಲೆ ಮಡಚಿಕೊಂಡು, ಸಂದಿಯಿಂದ ಶಿವನ ಅರ್ಧ ಮುಖ ಕಾಣುತ್ತಿತ್ತು. ಕೈ ಚಾಚಿ ಆ ಮೂಲೆಯನ್ನು ಕೆಳಗೆ ಎಳೆದು, ಪೂರ್ತಿ ಮುಚ್ಚಿತೆಂದು ಖಾತ್ರಿ ಮಾಡಿಕೊಂಡೆ.

"ಬರ್ತದ್ರಿ ಸಾಹೇಬ್ರ," ಎಂದೆ.