ಮಲ್ಲವ್ವನ ತಬಲಾ

ಬಾಂದ್ರಾದ ಕಂಪನಿ ಬಿಲ್ಡಿಂಗಿಗೆ ಬಂದ ಮೇಲೆ ನೀಲಕಂಠಪ್ಪನಿಗೆ ಇದ್ದದ್ದು ಒಂದೇ ಕೊರಗು: ಹೆಂಡತಿಯ ಅಂಗೈ. ಪರೇಲಿನ ಚಾಳಿನಲ್ಲಿದ್ದಾಗ ಅದರ ಸದ್ದು ಯಾರ ಕಿವಿಗೂ ಬಿದ್ದಿರಲಿಲ್ಲ. ಬೆಳಗಾದರೆ ಅಲ್ಲಿ ಹತ್ತು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಇಲ್ಲಿ ಹಾಗಲ್ಲ. ಇಲ್ಲಿಯವರು ಸದ್ದಿಲ್ಲದ ತಿಂಡಿ ತಿನ್ನುವ ಜನ. ಬ್ರೆಡ್ಡಿಗೆ ಬೆಣ್ಣೆ ಸವರಿದರೆ ಪಕ್ಕದ ಕೋಣೆಗೂ ಕೇಳುವುದಿಲ್ಲ. ಮಲ್ಲವ್ವ ಮಾತ್ರ ಬೆಳಿಗ್ಗೆ ಆರಕ್ಕೆ ಹಲಗೆಯ ಮುಂದೆ ಕೂತು ಪಟಪಟ ಜೋಳದ ರೊಟ್ಟಿ ಬಡಿಯತೊಡಗಿದರೆ ಮೂರು ಮಾಳಿಗೆಯೂ ಎದ್ದು ಕೂರುತ್ತಿತ್ತು. (ಗಂಡನೊಬ್ಬನನ್ನು ಬಿಟ್ಟು. ಅವನು ಆಗಲೇ ಎದ್ದು ಕಿಟಕಿ ಮುಚ್ಚುತ್ತಿದ್ದ.)

ಸುಮ್ಮಸುಮ್ಮನೆ ನಾಚುವ ಮನುಷ್ಯನಲ್ಲ ಅವನು. ವಿಕ್ರೋಳಿಯಲ್ಲಿ ಕಂಪನಿ ಹೊಸ ಕಾರ್ಖಾನೆ ತೆರೆಯುವುದಿತ್ತು. ಅಲ್ಲಿಗೊಬ್ಬ ಹೆಡ್ ಕ್ಲಾರ್ಕ್ ಬೇಕು, ಅವನಿಗೆ ಅಂಗಳವಿರುವ ಕ್ವಾರ್ಟರ್ಸು. ಆರಿಸಬೇಕಾದವರು ಸಬನೀಸ ಸಾಹೇಬರು. ಆ ಸಾಹೇಬರ ಮನೆ ಇದ್ದದ್ದು ನೀಲಕಂಠಪ್ಪನ ಅಡಿಗೆಮನೆಯ ನೇರ ಕೆಳಗೆ. ಅವನ ಪ್ರಕಾರ ಬ್ರೆಡ್ಡು ಅಂದರೆ ಆಫೀಸರ್, ಚಪಾತಿ ಅಂದರೆ ಗುಮಾಸ್ತ, ಜೋಳದ ರೊಟ್ಟಿ ಅಂದರೆ ಗಿರಣಿಯ ಕೂಲಿ. ರೊಟ್ಟಿ ತಿನ್ನುವವನನ್ನು ಯಾವ ಸಾಹೇಬ ತಾನೇ ಹೆಡ್ ಕ್ಲಾರ್ಕ್ ಮಾಡಿಯಾನು?

ಒಂದು ದಿನ ಸಾಹೇಬರು ಮೆಟ್ಟಿಲಲ್ಲಿ ಸಿಕ್ಕು, ಬೆಳಿಗ್ಗೆ ನಿಮ್ಮ ಮನೆಯಲ್ಲಿ ಅದೇನು ಸಪ್ಪಳ ಎಂದು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟರು. ನೀಲಕಂಠಪ್ಪನ ನಾಲಿಗೆ ಅವನ ಅಪ್ಪಣೆಗೆ ಕಾಯದೆ, ಹೆಂಡತಿ ತಬಲಾ ಅಭ್ಯಾಸ ಮಾಡುತ್ತಾಳೆ ಅಂದಿತು. ಸಾಹೇಬರು ಹುಬ್ಬೇರಿಸಿದರು. ಬಹಳ ಸಂತೋಷ, ಭಾನುವಾರ ನಮ್ಮಲ್ಲಿ ಹಾಡಿನ ಬೈಠಕ್ಕಿದೆ, ನಿಮ್ಮ ಮನೆಯವರು ತಬಲಾ ಸಾಥ್ ಕೊಡಲಿ ಎಂದು ಇಳಿದು ಹೋದರು.

"ತಬಲಾ?" ಅಂದಳು ಮಲ್ಲವ್ವ. "ನಮ್ಮ ಮನಿತನದಾಗ ಗಂಡಸರೂ ಅದನ್ನ ಮುಟ್ಟಿಲ್ಲ. ಜ್ವಾಳ ತಿನ್ನೂದು ಏನ್ ಕಳ್ಳತನ ಏನ್ರಿ?"

"ವಿಕ್ರೋಳಿಗೆ ಹೋಗೂತನಕ ಅಷ್ಟ. ಅಲ್ಲಿ ಅಂಗಳದಾಗ ಕುಂತು ಬೇಕಾದಷ್ಟು ಬಡಿ."

ಭಾನುವಾರದಿಂದ ಪಾರಾಗಲು ಅವನಿಗೆ ಒಂದು ಮಹೋಪಾಯ ಹೊಳೆಯಿತು. ಹೆಂಡತಿಯ ಬಲಗೈ ಉಳುಕಿದೆ ಎಂದು ಕೆಳಗೆ ಸುದ್ದಿ ಮುಟ್ಟಿಸಿ, ತನ್ನ ಹಳೆಯ ಧೋತರ ಹರಿದು ಪಟ್ಟಿ ಕಟ್ಟಿದ. ಉಳುಕಿದ ಕೈ ತಬಲಾ ಬಾರಿಸುವುದಿಲ್ಲ, ಸರಿಯೇ. ಆದರೆ ಅದು ರೊಟ್ಟಿಯನ್ನೂ ಬಡಿಯುವುದಿಲ್ಲ, ಕಾಯಿಪಲ್ಯವನ್ನೂ ಹೆಚ್ಚುವುದಿಲ್ಲ, ಪಾತ್ರೆಯನ್ನೂ ತಿಕ್ಕುವುದಿಲ್ಲ ಎಂಬುದು ಅವನ ತಲೆಗೆ ಹೋಗಿರಲಿಲ್ಲ. ಮಲ್ಲವ್ವನ ತಲೆಗೆ ಪಟ್ಟಿ ಕಟ್ಟಿಸಿಕೊಳ್ಳುವಾಗಲೇ ಹೋಗಿತ್ತು. ಅವಳು ಹಾಸಿಗೆಗೆ ಒರಗಿ ಕೂತಳು. ಅವನು ನಾಲ್ಕು ದಿನ ಪಾತ್ರೆ ತಿಕ್ಕಿ ಬ್ರೆಡ್ಡು ತಿಂದ. ಎಷ್ಟು ತಿಂದರೂ ಊಟ ಮಾಡಿದಂತೆ ಅನ್ನಿಸಲಿಲ್ಲ, ರೊಟ್ಟಿಯ ನೆನಪಾಗಿ ಒಮ್ಮೆ ಕಣ್ಣಲ್ಲಿ ನೀರೂ ಬಂತು.

ಐದನೆಯ ದಿನ ಅವನು ಆಫೀಸಿನಲ್ಲಿದ್ದಾಗ ಸಾಹೇಬರ ಹೆಂಡತಿ ವಿನೋದಿನಿಬಾಯಿ ಮುಲಾಮು ಹಿಡಿದು ಮೇಲೆ ಬಂದರು. ಸುಳ್ಳು ಮಲ್ಲವ್ವನಿಗೆ ಬಾರದ ವಿದ್ಯೆ. ಪಟ್ಟಿ ಬಿಚ್ಚಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ನಾಲ್ಕು ರೊಟ್ಟಿ ಬಡಿದು, ಶೇಂಗಾ ಚಟ್ನಿಯ ಜೊತೆ ಕಟ್ಟಿಯೂ ಕೊಟ್ಟಳು. ಸಂಜೆ ಇದನ್ನು ಕೇಳಿದ ನೀಲಕಂಠಪ್ಪ ಅಂಗಳವಿರುವ ಕ್ವಾರ್ಟರ್ಸಿಗೆ ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟ.

ಮರುದಿನ ಸಾಹೇಬರು ಕರೆಸಿದರು. ಬಾಗಿಲು ಹಾಕಲು ಹೇಳಿ, ಇಷ್ಟು ವರ್ಷ ಇಂಗ್ಲಿಷು ಬಿಟ್ಟು ಬೇರೆ ಆಡದವರು ಅಥಣಿಯ ಅಪ್ಪಟ ಕನ್ನಡಕ್ಕೆ ಇಳಿದರು.

"ಮೊದಲನೇ ದಿವಸಾನ ಗೊತ್ತಾಗಿತ್ತು, ಅದು ರೊಟ್ಟಿ ಅಂತ. ನಮ್ಮವ್ವ ಹಂಗ ಬಡೀತಿದ್ಲು. ಕೇಳಿದರ ಒಂದೆರಡು ಕಳಿಸ್ತೀರೇನೋ ಅಂತ ಕೇಳಿದೆ. ನೀವು ತಬಲಾ ಅಂದ್ರಿ. ಹನ್ನೆರಡು ವರ್ಷ ಆಗಿತ್ತು ನಾ ರೊಟ್ಟಿ ತಿಂದು."

ನೀಲಕಂಠಪ್ಪನಿಗೆ ಹೋದ ಜೀವ ಬಂತು. ನಾಚಿಕೆಯೂ ಆಯಿತು, ಅದಕ್ಕಿಂತ ಸಂತೋಷವೇ ಹೆಚ್ಚಾಯಿತು. ಇನ್ನು ಮೇಲೆ ದಿನಾ ಬಿಸಿಬಿಸಿ ಕಳಿಸುತ್ತೇನೆ, ಕಷ್ಟವೇನಿದೆ, ನಾಲ್ಕು ಮೆಟ್ಟಿಲು ಇಳಿದರೆ ನಿಮ್ಮ ಮನೆ ಎಂದ.

"ನಾನೂ ಅದನ್ನ ಅಂದ್ಕೊಂಡೆ," ಎಂದು ಸಾಹೇಬರು ಮುಂದಿದ್ದ ಹಾಳೆಗೆ ಸಹಿ ಹಾಕಿದರು. "ವಿಕ್ರೋಳಿಗೆ ನಿಮ್ಮ ಹೆಸರ ಬರದಿದ್ದೆ. ನಿನ್ನೆ ರಾತ್ರಿ ಊಟ ಆದ ಮ್ಯಾಲೆ ಹೊಡದು ಹಾಕಿದೆ. ಅಲ್ಲಿಂದ ಬಿಸಿ ರೊಟ್ಟಿ ಹ್ಯಾಂಗ ಬರಬೇಕು? ನಿಮ್ಮ ಪಕ್ಕದ ಟೇಬಲ್ಲಿನ ಪರಪ್ಪ ಹೋಗಲಿ. ಅವನ ಮನ್ಯಾಗ ಬರೇ ಚಪಾತಿ ಮಾಡ್ತಾರಂತ."